ಈ ಜಾಹೀರಾತು ಯಾರಿಗೆ ಅಲ್ಲ? ಒಂಬತ್ತನೇ ತರಗತಿಯಲ್ಲಿ ಹೀಗೆ ಶುರು ಮಾಡಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಪತ್ರಿಕೆಯ ಜಾಹೀರಾತು ಓದುಗರ ಮನಸ್ಸನ್ನು ಹೇಗೆ ಒಲಿಸಿಕೊಳ್ಳುತ್ತದೆ ಅಂತ ಒಂಬತ್ತನೇ ತರಗತಿಗೆ ಕಲಿಸಬೇಕು. ‘ಈ ಜಾಹೀರಾತು ಯಾರಿಗಾಗಿ?’ ಅಂದರೆ ಮಕ್ಕಳು ‘ಎಲ್ಲ ಜನರಿಗಾಗಿ’ ಅಂತ ಬರೆಯುತ್ತಾರೆ. ‘ಹೇಗೆ ಒಲಿಸುತ್ತದೆ?’ ಅಂದರೆ ‘ಆಕರ್ಷಕವಾಗಿದೆ’ ಅಂತಾರೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಎಐಡಿಎ, ಅರಿಸ್ಟಾಟಲ್ ಅಂತೆಲ್ಲ ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ? ಪ್ರೊಜೆಕ್ಟರ್ ಇಲ್ಲ, ಶಾಲೆಗೆ ಬರುವುದು ಒಂದೇ ಪೇಪರ್. ಅಂಕ ಹೇಗೆ ಕೊಡಬೇಕು ಅನ್ನುವುದನ್ನೂ ತಿಳಿಸಿ.

ಉತ್ತರ: ಮೇಡಂ, ‘ಎಲ್ಲ ಜನರಿಗಾಗಿ’ ಅನ್ನುವ ಉತ್ತರಕ್ಕೆ ಮಕ್ಕಳನ್ನು ಬೈಯಬೇಡಿ. ಪೇಪರ್ ಯಾರು ಬೇಕಾದರೂ ಓದಬಹುದು, ಹಾಗಾಗಿ ಅದರಲ್ಲಿರುವ ಜಾಹೀರಾತೂ ಎಲ್ಲರಿಗೆ ಅಂತ ಅವರು ಲೆಕ್ಕ ಹಾಕಿದ್ದಾರೆ. ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ. ‘ಇದು ಯಾರಿಗೆ ಅಲ್ಲ?’ ಅಂತ ಕೇಳಿ ನೋಡಿ.

ಹೈದರಾಬಾದಿನ ಆಸ್ಪತ್ರೆಯೊಂದರ ಜಾಹೀರಾತು ತೆಗೆದುಕೊಳ್ಳಿ. ನಮ್ಮ ಭಾಗದ ಪೇಪರ್‌ಗಳಲ್ಲಿ ಇಂಥವು ಆಗಾಗ ಕಾಣುತ್ತವೆ. ಡಾಕ್ಟರ ಫೋಟೊ, ಅದರ ಕೆಳಗೆ ಸಾಲು ಸಾಲು ಡಿಗ್ರಿ, ‘ತಿಂಗಳಿಗೊಮ್ಮೆ ಕಲಬುರಗಿಯಲ್ಲಿ ಲಭ್ಯ’, ಹೆಸರು ಬರೆಸಲು ಫೋನ್ ನಂಬರ್. ಯಾರಿಗೆ ಅಲ್ಲ ಅಂತ ಕೇಳಿದರೆ ಹಿಂದಿನ ಬೆಂಚಿನಿಂದ ಒಬ್ಬ ಹೇಳುತ್ತಾನೆ: ‘ಹೈದರಾಬಾದ್ ಮಂದಿಗೆ ಅಲ್ರೀ ಟೀಚರ್.’ ಇನ್ನೊಬ್ಬಳು: ‘ರೊಕ್ಕ ಇಲ್ಲದವ್ರಿಗೂ ಅಲ್ರೀ.’ ಮತ್ತೊಬ್ಬ: ‘ಸಣ್ಣ ಜ್ವರ ಬಂದವ್ರಿಗೂ ಅಲ್ಲ.’ ಹಾಗಾದರೆ ಉಳಿದವರು ಯಾರು? ಕಲಬುರಗಿ, ಯಾದಗಿರಿ ಕಡೆಯವರು. ಇಲ್ಲಿನ ಡಾಕ್ಟರ ಹತ್ತಿರ ತೋರಿಸಿ ಬೇಸತ್ತವರು. ಸ್ವಲ್ಪ ದುಡ್ಡು ಹೊಂದಿಸಬಲ್ಲವರು, ಆದರೆ ರೋಗಿಯನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಲು ಹಿಂದೆಮುಂದೆ ನೋಡುತ್ತಿರುವವರು. ನೋಡಿ, ಒಂದೊಂದೇ ಗುಂಪನ್ನು ಹೊರಗೆ ಹಾಕುತ್ತಾ ಮಕ್ಕಳೇ ಗುರಿ ಓದುಗರನ್ನು ಹಿಡಿದುಬಿಟ್ಟರು.

ಪ್ರತಿ ಉತ್ತರಕ್ಕೂ ಒಂದು ಒತ್ತಾಯ ಇರಲಿ: ‘ಬೆರಳಿಟ್ಟು ತೋರಿಸು.’ ರೊಕ್ಕ ಇದ್ದವರಿಗೆ ಅಂತೀಯಲ್ಲ, ಜಾಹೀರಾತಿನ ಯಾವ ಅಕ್ಷರ, ಯಾವ ಚಿತ್ರ ನೋಡಿ ಹಾಗಂದೆ? ತಲೆಬರಹದ ಭಾಷೆ, ಬೆಲೆ, ಕಂತಿನ ಲೆಕ್ಕ, ವಿಳಾಸ, ಅಂಗಡಿ ತೆರೆದಿರುವ ಸಮಯ, ಚಿತ್ರದಲ್ಲಿರುವವರ ಬಟ್ಟೆ, ಅವರ ಹಿಂದೆ ಕಾಣುವ ಮನೆ, ಎಲ್ಲವೂ ಸಾಕ್ಷಿ. ಈ ಅಭ್ಯಾಸ ಬಿದ್ದರೆ ‘ಆಕರ್ಷಕವಾಗಿದೆ’ ಅನ್ನುವ ಮಾತು ತಾನಾಗೇ ಕಡಿಮೆಯಾಗುತ್ತದೆ. ಆಕರ್ಷಣೆ ಎಲ್ಲಿದೆ, ತೋರಿಸು ಅಂದಾಗ ಏನಾದರೂ ಹೇಳಲೇಬೇಕಲ್ಲ.

ನಾನು ಕಲಬುರಗಿಯಲ್ಲಿ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಕೆಲಸ ಮಾಡಿದವನು. ಅಂಗಡಿ ಮಾಲೀಕರು ಬಂದು ಕೂತರೆ ನಮ್ಮ ಮೊದಲ ಪ್ರಶ್ನೆ ‘ನಿಮ್ಮ ಅಂಗಡಿಗೆ ಯಾರು ಬರಬೇಕು?’ ಅಂತಲೇ ಇರುತ್ತಿತ್ತು. ಏನು ಬರೆಯಬೇಕು ಅನ್ನುವುದು ಆಮೇಲೆ. ‘ಎಲ್ಲರೂ ಬರಲಿ ಸಾಹೇಬ್ರೆ’ ಅನ್ನುವವರೂ ಇದ್ದರು. ಅವರ ಜಾಹೀರಾತು ಬರೆಯುವುದೇ ಕಷ್ಟ. ಎಲ್ಲರನ್ನೂ ಕರೆಯಲು ಹೋದರೆ ಅಂಗಡಿಯ ಹೆಸರು, ವಿಳಾಸ ಬಿಟ್ಟು ಹೇಳೋಕೆ ಏನೂ ಉಳಿಯಲ್ಲ.

ಮಕ್ಕಳು ಸಾಮಾನ್ಯವಾಗಿ ಎಡವುವ ಇನ್ನೊಂದು ಜಾಗ ಇದೆ. ಚಿತ್ರದಲ್ಲಿ ಯಾರಿದ್ದಾರೋ ಜಾಹೀರಾತು ಅವರಿಗೇ ಅಂದುಕೊಳ್ಳುತ್ತಾರೆ. ಬಂಗಾರದ ಅಂಗಡಿಯ ಜಾಹೀರಾತಿನಲ್ಲಿ ಮದುವಣಗಿತ್ತಿ ಇರುತ್ತಾಳೆ. ಆದರೆ ‘ಮಜೂರಿಯಲ್ಲಿ ಕಡಿತ’, ‘ಹಾಲ್‌ಮಾರ್ಕ್ 916’, ‘ಹಳೆ ಬಂಗಾರಕ್ಕೆ ಉತ್ತಮ ಬೆಲೆ’ ಅನ್ನುವ ಸಾಲುಗಳು ಯಾರಿಗೆ? ದುಡ್ಡು ಎಣಿಸುವ ಅಪ್ಪನಿಗೆ. ‘ಪರಂಪರೆಯ ವಿನ್ಯಾಸ’ ಅನ್ನುವುದು ಅಂಗಡಿಯಲ್ಲಿ ಕೂತು ಆರಿಸುವ ಅವ್ವನಿಗೆ, ಅತ್ತೆಗೆ. ಹಾಕಿಕೊಳ್ಳುವವಳು ಒಬ್ಬಳು, ಆರಿಸುವವರು ಇನ್ನೊಬ್ಬರು, ದುಡ್ಡು ಕೊಡುವವರು ಮತ್ತೊಬ್ಬರು. ಬಿಸ್ಕೆಟ್ ಜಾಹೀರಾತೂ ಹಾಗೇ. ಕಾರ್ಟೂನು ಮಗುವಿಗೆ, ‘ಹಾಲಿನ ಶಕ್ತಿ’ ತಾಯಿಗೆ. ಕಪ್ಪು ಹಲಗೆ ಮೇಲೆ ಮೂರು ಕಾಲಂ ಎಳೆದು, ಜಾಹೀರಾತಿನ ಒಂದೊಂದು ಸಾಲು ಯಾರ ಕಿವಿಗೆ ಅಂತ ಮಕ್ಕಳಿಂದಲೇ ಹಂಚಿಸಿ.

ಇದನ್ನು ಮಾಡಲು ಒಂಬತ್ತನೇ ತರಗತಿಗೆ ತಕ್ಕ ಜಾಹೀರಾತು ಅಂದರೆ ಪಿಯು ಕಾಲೇಜಿನದು. ಒಂದು ವರ್ಷ ಕಳೆದರೆ ಅದರ ಗುರಿ ಇವರೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ಕಲಬುರಗಿ, ಬೀದರ್‌ನ ಕಾಲೇಜುಗಳ ಜಾಹೀರಾತು ಪೇಪರ್ ತುಂಬ ಬರುತ್ತವಲ್ಲ, ಅವನ್ನು ಎತ್ತಿಟ್ಟುಕೊಳ್ಳಿ. ಒಂದಕ್ಕೇ ಪೂರ್ತಿ ಪೀರಿಯಡ್ ಕೊಟ್ಟರೂ ನಷ್ಟ ಇಲ್ಲ.

ಮೊದಲು ಕಣ್ಣಿಗೆ ಬೀಳುವುದು ಮುಖಗಳ ಸಾಲು. ಮೂವತ್ತು ನಲವತ್ತು ಪಾಸ್‌ಪೋರ್ಟ್ ಫೋಟೊ, ಪ್ರತಿಯೊಂದರ ಕೆಳಗೆ ಹೆಸರು, ನೀಟ್ ಅಂಕ ಅಥವಾ ರ‍್ಯಾಂಕ್. ಯಾಕೆ ಒಬ್ಬನೇ ಟಾಪರ್ ಸಾಲಲ್ಲ? ಒಬ್ಬ ಗೆದ್ದರೆ ಅದು ಅವನ ಬುದ್ಧಿ ಅಂತಾರೆ. ನಲವತ್ತು ಜನ ಗೆದ್ದರೆ ಅದು ಕಾಲೇಜಿನ ಕೈಗುಣ ಅಂತ ಅನಿಸುತ್ತದೆ. ಜೊತೆಗೆ ಆ ನಲವತ್ತರಲ್ಲಿ ನಮ್ಮ ಊರಿನ ಕಡೆಯ ಹೆಸರು, ನಮ್ಮಂಥದೇ ಮುಖ ಒಂದಾದರೂ ಸಿಗುತ್ತದೆ. ಅಲ್ಲಿಗೆ ‘ನನ್ನ ಮಗನೂ ಆಗಬಹುದು’ ಅನ್ನುವ ಆಸೆ ಹುಟ್ಟಿತು. ಸಾಲಿನ ಮೂಲೆಯಲ್ಲಿ ‘ಸಿಸಿಟಿವಿ’, ‘ಮೊಬೈಲ್ ನಿಷೇಧ’, ‘ಹೆಣ್ಣುಮಕ್ಕಳಿಗೆ ಪ್ರತ್ಯೇಕ ಹಾಸ್ಟೆಲ್’ ಅಂತ ಇರುತ್ತದೆ. ಇದನ್ನು ಓದಿ ಯಾವ ಹುಡುಗ ಖುಷಿಪಡುತ್ತಾನೆ ಹೇಳಿ? ಆ ಸಾಲು ಹಳ್ಳಿಯಿಂದ ಮಗಳನ್ನು ಕಳಿಸಲು ಹೆದರುವ ಅಪ್ಪ ಅಮ್ಮನಿಗೆ. ಆಸೆ ಮೇಲೆ, ಭಯ ಕೆಳಗೆ. ಎರಡೂ ಒಂದೇ ಪುಟದಲ್ಲಿ.

ಈಗ ಗಣಿತದ ಮಾಷ್ಟ್ರನ್ನೂ ಕರೆಯಿರಿ. ನಲವತ್ತು ಮುಖ ಸರಿ, ಪರೀಕ್ಷೆ ಬರೆದವರು ಎಷ್ಟು? ಭಾಗಿಸಲು ಕೆಳಗಿನ ಸಂಖ್ಯೆಯೇ ಇಲ್ಲ. ಇವರೆಲ್ಲ ಎರಡು ವರ್ಷ ಅಲ್ಲೇ ಓದಿದವರಾ, ಕೊನೆಯಲ್ಲಿ ಬಂದು ಬರೀ ಟೆಸ್ಟ್ ಸರಣಿ ಬರೆದವರಾ? ಎಲ್ಲವೂ ಒಂದೇ ವರ್ಷದ ಫಲಿತಾಂಶವಾ? ಇದು ಸುಮ್ನೆ ಕೊಂಕು ತೆಗೆಯುವುದಲ್ಲ. ಕೋಚಿಂಗ್ ಸೆಂಟರ್‌ಗಳ ಜಾಹೀರಾತಿನಲ್ಲಿ ಇದೇ ತಕರಾರು ಜಾಸ್ತಿಯಾಗಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ತಂದಿತು. ಆಯ್ಕೆಯಾದ ವಿದ್ಯಾರ್ಥಿಯ ಫೋಟೊ ಹಾಕಲು ಆಯ್ಕೆಯಾದ ಮೇಲೆ ಅವರ ಲಿಖಿತ ಒಪ್ಪಿಗೆ ಬೇಕು. ರ‍್ಯಾಂಕಿನ ಜೊತೆಗೆ ಅವರು ಯಾವ ಕೋರ್ಸ್ ಮಾಡಿದ್ದರು, ಅದಕ್ಕೆ ಫೀಸು ಕಟ್ಟಿದ್ದರಾ ಅನ್ನುವುದನ್ನೂ ಹೇಳಬೇಕು. ಆಯ್ಕೆ ಖಚಿತ ಅಂತ ಭರವಸೆ ಕೊಡುವಂತಿಲ್ಲ. ಮಕ್ಕಳು ತಾವೇ ಎತ್ತಿದ ಪ್ರಶ್ನೆಗಳು ಸರ್ಕಾರದ ನಿಯಮದಲ್ಲೂ ಇವೆ ಅಂತ ಗೊತ್ತಾದರೆ ಅವರಿಗೊಂದು ಧೈರ್ಯ ಬರುತ್ತದೆ.

ಪಾಠದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ವಿಷಯ ಹೇಳುತ್ತೇನೆ. ಜಾಹೀರಾತು ಯಾವಾಗ ಬಂತು, ಯಾವ ಪುಟದಲ್ಲಿ ಬಂತು ಅನ್ನುವುದೂ ಒಲಿಸುವ ಕೆಲಸದ ಭಾಗ. ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ರೈತರ ಮನೆಯವರು ಅಲ್ವಾ? ‘ವರ್ಷದಲ್ಲಿ ಯಾವ ತಿಂಗಳು ಮನೆಯಲ್ಲಿ ರೊಕ್ಕ ಇರ್ತದ?’ ಅಂತ ಕೇಳಿ. ತೊಗರಿ ರಾಶಿ ಡಿಸೆಂಬರ್–ಜನವರಿಗೆ, ಹತ್ತಿ ಬಿಡಿಸುವುದೂ ಹೆಚ್ಚುಕಡಿಮೆ ಅದರ ಆಸುಪಾಸು, ಕಾಲುವೆ ನೀರಿನ ಕಡೆ ಭತ್ತದ ಲೆಕ್ಕ ಬೇರೆ. ಈಗ ಆ ತಿಂಗಳುಗಳ ಹಳೆ ಪೇಪರ್ ತೆಗೆದು ಟ್ರ್ಯಾಕ್ಟರ್, ಬೈಕ್, ಬಂಗಾರದ ಜಾಹೀರಾತು ಎಣಿಸಲಿ. ಜೂನ್‌ನ ಪೇಪರ್‌ನಲ್ಲಿ ಬೀಜ, ಗೊಬ್ಬರ, ನೋಟ್‌ಬುಕ್, ಶಾಲೆ ಬ್ಯಾಗ್ ಎಣಿಸಲಿ. ಯಾವ ಪುಟ ಅಂತಲೂ ಬರೆದುಕೊಳ್ಳಲಿ. ಮುಖಪುಟಕ್ಕೆ ದರ ಜಾಸ್ತಿ, ಜಿಲ್ಲಾ ಪುಟಕ್ಕೆ ಕಡಿಮೆ. ರಾಜ್ಯ ಪೂರ್ತಿ ಓದುಗರು ಬೇಕಾದವರು ಮುಖಪುಟ ಹಿಡಿಯುತ್ತಾರೆ. ಶಹಾಪುರದ ಬಟ್ಟೆ ಅಂಗಡಿಗೆ ಬೆಂಗಳೂರಿನ ಓದುಗ ತಗೊಂಡು ಏನು ಮಾಡಬೇಕು?

ಇದೇ ನೆವದಲ್ಲಿ ಗೊಬ್ಬರದ ಅಂಗಡಿಗಳಲ್ಲಿ ಕೊಡುವ ಕೀಟನಾಶಕದ ಕರಪತ್ರಗಳನ್ನೂ ತರಿಸಿ. ತೊಗರಿಗೆ ಕಾಯಿಕೊರಕ ಬೀಳುವ ಹೊತ್ತಿಗೆ ಇವು ಧಾರಾಳವಾಗಿ ಸಿಗುತ್ತವೆ. ಹಸಿರು ಹೊಲ, ಗೊಂಚಲು ಗೊಂಚಲು ಕಾಯಿ, ರುಮಾಲು ಸುತ್ತಿ ನಗುವ ರೈತ. ಅದೇ ಔಷಧಿ ಡಬ್ಬಿಯ ಮೇಲೆ ವಿಷದ ಮಟ್ಟ ಹೇಳುವ ಬಣ್ಣದ ಗುರುತು ಇರುತ್ತದೆ: ಕೆಂಪು ಅಂದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆ ಗುರುತು ಕರಪತ್ರದಲ್ಲಿ ಇದೆಯಾ, ಇದ್ದರೆ ಎಷ್ಟು ದೊಡ್ಡದು ಅಂತ ಹುಡುಕಲಿ. ಖಾಲಿ ಡಬ್ಬಿಯನ್ನಂತೂ ತರಿಸಲೇಬೇಡಿ, ಗುರುತಿನ ಚಿತ್ರ ಬರೆದುಕೊಂಡು ಬಂದರೆ ಸಾಕು.

ಒಂದೇ ಪೇಪರ್ ಅಂತ ಕೊರಗಬೇಡಿ. ಚಹಾದ ಅಂಗಡಿ, ಕ್ಷೌರದ ಅಂಗಡಿ, ರದ್ದಿಯವರ ಹತ್ತಿರ ಕೇಳಿದರೆ ಒಂದು ಕಟ್ಟು ಸಿಗುತ್ತದೆ. ನಮ್ಮ ಕಡೆಯ ತರಗತಿಗಳಿಗೆ ಇನ್ನೊಂದು ಅನುಕೂಲ ಇದೆ. ಕನ್ನಡದ ಜೊತೆ ಉರ್ದು ಓದುವ ಮಕ್ಕಳು ಇರುತ್ತಾರೆ. ಗುರುಮಠಕಲ್ ಕಡೆ ತೆಲುಗು, ಬೀದರ್‌ನ ಭಾಲ್ಕಿ, ಔರಾದ್ ಕಡೆ ಮರಾಠಿ. ಒಂದೇ ಬಟ್ಟೆ ಅಂಗಡಿ ಯುಗಾದಿಗೆ ಕನ್ನಡ ಪೇಪರ್‌ನಲ್ಲಿ ಕೊಟ್ಟ ಜಾಹೀರಾತು, ರಂಜಾನ್‌ಗೆ ಉರ್ದು ಪೇಪರ್‌ನಲ್ಲಿ ಕೊಟ್ಟದ್ದು ಅಕ್ಕಪಕ್ಕ ಇಡಿ. ಉರ್ದು ಬಲ್ಲ ಮಗು ಓದಿ ಹೇಳಲಿ. ಎಂದೂ ಕೈ ಎತ್ತದ ಮಗು ಅವತ್ತು ತರಗತಿಗೆ ಪಾಠ ಮಾಡುವುದನ್ನು ನೀವು ನೋಡಬಹುದು. ಮಾಲು ಅದೇ, ಗೋದಾಮು ಅದೇ. ಚಿತ್ರದಲ್ಲಿರುವ ಕುಟುಂಬ, ಮೊದಲು ಹೆಸರಿಸಿದ ಬಟ್ಟೆ, ಬಣ್ಣ, ಅಂಗಡಿ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ ಅನ್ನುವ ಸಾಲು ಬದಲಾಗಿರುತ್ತವೆ. ಗುರಿ ಓದುಗರು ಅಂದರೇನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಅರಿಸ್ಟಾಟಲ್, ಎಐಡಿಎ. ಎಐಡಿಎ ಅನ್ನುವುದು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮಾರಾಟಗಾರರ ನಡುವೆ ಬೆಳೆದ ಸೂತ್ರ. ಎಲ್ಮೊ ಲೂಯಿಸ್ ಎಂಬವರ ಹೆಸರಿಗೆ ಅದನ್ನು ಸೇರಿಸುತ್ತಾರೆ. ಗಮನ ಸೆಳೆ, ಆಸಕ್ತಿ ಹುಟ್ಟಿಸು, ಆಸೆ ಮೂಡಿಸು, ಕೊಳ್ಳುವಂತೆ ಮಾಡು ಅಂತ ನಾಲ್ಕು ಹೆಜ್ಜೆ. ಅದು ಮಾರುವವನ ಕೈಪಿಡಿ. ಮಕ್ಕಳು ಜಾಹೀರಾತು ಬರೆಯುವಾಗ ಉಪಯೋಗಕ್ಕೆ ಬರುತ್ತದೆ, ಓದುವಾಗ ಅಷ್ಟೇನಿಲ್ಲ. ಹಳೆಯ ಕಾಲದ ಗ್ರೀಕ್ ಚಿಂತಕ ಅರಿಸ್ಟಾಟಲ್ ಕೇಳುಗರನ್ನು ಒಲಿಸಲು ಹೇಳಿದ ಮೂರು ದಾರಿಗಳು ಜಾಹೀರಾತು ಓದಲು ಒಳ್ಳೆಯವು. ಆದರೆ ಗ್ರೀಕ್ ಹೆಸರು ಬಾಯಿಪಾಠ ಮಾಡಿಸಬೇಡಿ. ಮೂರು ಪ್ರಶ್ನೆ ಸಾಕು. ಯಾರನ್ನು ಮುಂದಿಟ್ಟುಕೊಂಡು ನಂಬು ಅನ್ನುತ್ತಿದೆ? ಯಾವ ಲೆಕ್ಕ, ಪುರಾವೆ ಕೊಡುತ್ತಿದೆ? ಯಾವ ಭಾವನೆ ಮುಟ್ಟುತ್ತಿದೆ? ಮೈಸೂರು ಸ್ಯಾಂಡಲ್ ಸೋಪಿನ ಇತಿಹಾಸ 1916ಕ್ಕೆ ಹೋಗುತ್ತದೆ. ‘ನೂರು ವರ್ಷದಿಂದ ಇದ್ದೇವೆ’ ಅನ್ನುವುದು ಮೊದಲನೆಯದಕ್ಕೆ ಉದಾಹರಣೆ. ಉಳಿದವಕ್ಕೆ ನಿಮ್ಮ ಕಟ್ಟಿನಲ್ಲೇ ಬೇಕಾದಷ್ಟು ಸಿಗುತ್ತವೆ.

ಒಂದು ಎಚ್ಚರಿಕೆ. ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳು ‘ಜಾಹೀರಾತು ಅಂದ್ರ ಎಲ್ಲಾ ಸುಳ್ಳು’ ಅನ್ನಲು ಶುರು ಮಾಡುತ್ತಾರೆ. ಅಲ್ಲಿಗೇ ಬಿಟ್ಟರೆ ಪಾಠ ಅರ್ಧವಾಯಿತು. ರಕ್ತದಾನದ ಜಾಹೀರಾತು, ಪೋಲಿಯೊ ಲಸಿಕೆಯ ಜಾಹೀರಾತು ಕೂಡ ತಾಯಿ ಮಗುವಿನ ಚಿತ್ರ ಹಾಕಿ ಮನಸ್ಸು ಮುಟ್ಟುತ್ತವೆ. ಒಲಿಸುವುದು ತಪ್ಪಲ್ಲ. ‘ರುಚಿಯಲ್ಲಿ ರಾಜ’ ಅನ್ನುವುದು ಬಡಾಯಿ, ಅದನ್ನು ಯಾರೂ ಅಳೆದು ನೋಡಲ್ಲ. ‘30 ದಿನದಲ್ಲಿ 10 ಕಿಲೋ ಇಳಿಸಿ’ ಅನ್ನುವುದು ಅಳೆಯಬಹುದಾದ ಮಾತು, ಅದಕ್ಕೆ ಪುರಾವೆ ಬೇಕು. ‘ಸಕ್ಕರೆ ಕಾಯಿಲೆ ಬೇರುಸಹಿತ ಗುಣ’ ಅಂತ ಬಸ್‌ಸ್ಟ್ಯಾಂಡಿನಲ್ಲಿ ಹಂಚುವ ಚೀಟಿ ನೇರವಾಗಿ ಕಾನೂನು ಮೀರಿದ್ದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ ಹೀಗೆ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯೇ ಇದೆ, ಮಧುಮೇಹ ಅದರಲ್ಲಿದೆ. ಈ ಮೂರು ತರದ ಮಾತನ್ನು ಬೇರೆ ಬೇರೆ ಮಾಡಲು ಬಂದರೆ ಒಳ್ಳೆಯ ಓದುಗರಾದರು ಅಂತ ಲೆಕ್ಕ.

ನಕ್ಷತ್ರದ ಗುರುತು ಹಾಕಿ ಕೆಳಗೆ ಇರುವೆ ಸಾಲಿನಂತೆ ಬರೆದ ‘ಷರತ್ತುಗಳು ಅನ್ವಯ’ ಬಗ್ಗೆಯೂ ಒಂದು ಮಾತು. ತಲೆಬರಹ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ ಇರುವ ಜಾಹೀರಾತು ಸಿಕ್ಕರೆ ಬಿಡಬೇಡಿ. ದಾರಿತಪ್ಪಿಸುವ ಜಾಹೀರಾತು ತಡೆಯುವ 2022ರ ಮಾರ್ಗಸೂಚಿ ಪ್ರಕಾರ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಮೇಲೆ ದೊಡ್ಡದಾಗಿ ಹೇಳಿದ ಮಾತನ್ನು ಕೆಳಗಿನ ಷರತ್ತು ಸುಳ್ಳು ಮಾಡುವಂತಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಗೂ ಸಾಮಾನ್ಯ ಜನ ಖರ್ಚಿಲ್ಲದೆ ದೂರು ಕೊಡಬಹುದು. ಹೇಗೂ ಪತ್ರಲೇಖನ ಕಲಿಸುತ್ತೀರಿ. ರಜಾ ಅರ್ಜಿ ಬರೆಸುವ ಬದಲು ಒಮ್ಮೆ ಇದನ್ನು ಬರೆಸಿ: ಯಾವ ಪೇಪರ್, ಯಾವ ದಿನ, ಯಾವ ಪುಟ, ಯಾವ ಹೇಳಿಕೆ, ಯಾಕೆ ನಂಬಲು ಕಷ್ಟ.

‘ಯಾರಿಗೆ ಅಲ್ಲ’ ಅನ್ನುವ ಪ್ರಶ್ನೆಗೆ ಒಂದು ಉತ್ತರ ಬರಬಹುದು, ಅದಕ್ಕೆ ನೀವು ತಯಾರಾಗಿರಬೇಕು. ‘ನಮ್ಮ ಮನಿಗಿ ಯಾವ್ದೂ ಇಲ್ರೀ ಟೀಚರ್.’ ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುವ ಮಗುವಿಗೆ ಪೇಪರ್‌ನ ಕಾರು, ಸೈಟು, ಎಸಿ ಯಾವುದೂ ತನಗಲ್ಲ ಅಂತ ಗೊತ್ತು. ಸಮಾಧಾನ ಹೇಳಿ ಮುಂದೆ ಹೋಗಬೇಡಿ. ಅದು ಸರಿಯಾದ ಉತ್ತರ, ತರಗತಿಯ ಅತ್ಯುತ್ತಮ ಉತ್ತರವೂ ಇರಬಹುದು. ಕೊಳ್ಳುವ ಶಕ್ತಿ ಇದ್ದವರ ಕಡೆಗೇ ಜಾಹೀರಾತು ಮುಖ ಮಾಡುತ್ತದೆ. ಆಮೇಲೆ ಕೇಳಿ: ‘ಹಾಗಾದ್ರೆ ನಿಮ್ಮ ಓಣಿಯೊಳಗ ಯಾವ ಜಾಹೀರಾತು ಅದ?’ ಗೋಡೆ ಮೇಲೆ ಬಳಿದ ಸಿಮೆಂಟು, ಪಾನ್ ಅಂಗಡಿಯಲ್ಲಿ ತೋರಣದಂತೆ ತೂಗುವ ಪಾನ್ ಮಸಾಲಾ ಪಾಕೀಟು. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯಲ್ಲಿ ನಿಷೇಧ ಇದೆ. 2013ರಿಂದ ರಾಜ್ಯದಲ್ಲಿ ಗುಟ್ಕಾಕ್ಕೂ ನಿಷೇಧ. ಹಾಗಿದ್ದೂ ತಂಬಾಕು ಬ್ರಾಂಡಿನ ಹೆಸರು ಬೇರೆ ಮಾಲಿನ ಮೂಲಕ ಹೇಗೆ ಜನರ ಬಾಯಲ್ಲಿ ಉಳಿಯುತ್ತದೆ ಅಂತ ಮಕ್ಕಳೇ ಯೋಚಿಸಲಿ.

ಎರಡನೇ ಪೀರಿಯಡ್ ಬರೆಯುವುದಕ್ಕೆ. ಕಲಬುರಗಿ ತೊಗರಿ ಬೇಳೆ ತೆಗೆದುಕೊಳ್ಳಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೀದರ್‌ನ ಶಿಕ್ಷಕರು ಇದನ್ನು ಓದುತ್ತಿದ್ದರೆ ಬಿದರಿ ಸಾಮಾನಿನ ಮೇಲೂ ಮಾಡಬಹುದು. ತರಗತಿಯನ್ನು ಮೂರು ಗುಂಪು ಮಾಡಿ. ಒಂದು ಗುಂಪಿನ ಓದುಗರು ಬೆಂಗಳೂರಿನಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ದಂಪತಿ. ಇನ್ನೊಂದಕ್ಕೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಖಾನಾವಳಿ ಮಾಲೀಕರು. ಮೂರನೆಯದಕ್ಕೆ ಈ ಭಾಗದಿಂದ ಹೋಗಿ ಮುಂಬೈಯಲ್ಲಿ ನೆಲೆಸಿದವರು. ಪ್ರತಿ ಗುಂಪಿಗೆ ಅಂಗೈಯಷ್ಟೇ ಜಾಗ, ಸುಮಾರು 8 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಪೇಪರ್‌ನಲ್ಲಿ ಜಾಗಕ್ಕೆ ದುಡ್ಡು. ಹಾಗಾಗಿ ಬೇಡದ ಪದ ಹೊಡೆದು ಹಾಕಲೇಬೇಕು. ಖಾನಾವಳಿಯವರಿಗೆ ಬರೆಯುವವರು ‘ಆರೋಗ್ಯಕರ, ರುಚಿಕರ’ ಅಂತ ಶುರು ಮಾಡುತ್ತಾರೆ. ತಡೆಯಿರಿ. ದಿನಾ ಬೇಳೆ ಬೇಯಿಸುವವರಿಗೆ ಏನು ಚಿಂತೆ? ‘ಒಂದು ಕಿಲೋ ಬೇಳೆ, ಎಷ್ಟು ಊಟ?’ ಅನ್ನುವ ತಲೆಬರಹ ಅವರನ್ನು ನಿಲ್ಲಿಸುತ್ತದೆ. ದಂಪತಿಗೆ ಬೇಗ ಬೇಯುವುದು ಮುಖ್ಯ. ಮುಂಬೈಯವರಿಗೆ ‘ಊರಿನ ಬೇಳೆ ಬಂದದ’ ಅಂದರೂ ಸಾಕೇನೋ. ಬರೆದದ್ದನ್ನು ಗುಂಪುಗಳು ಅದಲುಬದಲು ಮಾಡಿಕೊಂಡು, ಇದು ಯಾರಿಗೆ ಬರೆದದ್ದು ಅಂತ ಊಹಿಸಲಿ. ಊಹೆ ತಪ್ಪಿದರೆ ಬರೆದವರು ತಿದ್ದಬೇಕು.

ಅಂಕದ ವಿಷಯ. ನಾಲ್ಕು ಅಂಕದ ಪ್ರಶ್ನೆ ಅಂದುಕೊಳ್ಳಿ. ಗುರಿ ಓದುಗರನ್ನು ಹೆಸರಿಸಿದ್ದಕ್ಕೆ 1, ಜಾಹೀರಾತಿನಿಂದಲೇ ತೆಗೆದ ಎರಡು ಸಾಕ್ಷಿಗೆ 2, ಜಾಹೀರಾತು ಹೇಳದೆ ಬಿಟ್ಟ ಒಂದು ಸಂಗತಿಗೆ 1. ಚಿತ್ರದ ಅಂದಚೆಂದಕ್ಕೆ ಅಂಕ ಬೇಡ, ಸ್ಕೆಚ್ ಪೆನ್ ಇದ್ದವರು ಗೆದ್ದುಬಿಡುತ್ತಾರೆ. ಟ್ರ್ಯಾಕ್ಟರ್ ಜಾಹೀರಾತಿಗೆ ಒಬ್ಬ ಹೀಗೆ ಬರೆಯಬಹುದು: ‘ಈ ಜಾಹೀರಾತು ರೈತರಿಗಾಗಿ ಇದೆ. ಬಣ್ಣಗಳು ಆಕರ್ಷಕವಾಗಿವೆ. ಭಾಷೆ ಸರಳವಾಗಿದೆ.’ ಅದಕ್ಕೆ 1. ಇನ್ನೊಬ್ಬಳು: ‘ಇದು ಹೊಲ ಇರುವ ಆದರೆ ಪೂರ್ತಿ ರೊಕ್ಕ ಇಲ್ಲದವರಿಗೆ, ಯಾಕಂದರೆ ಕಂತು ಅಂತ ದೊಡ್ಡದಾಗಿ ಬರೆದಾರ. ಜನವರಿದಾಗ ಬಂದದ, ತೊಗರಿ ಮಾರಿದ ಮ್ಯಾಲೆ. ಬಡ್ಡಿ ಎಷ್ಟು ಅಂತ ಬರೆದಿಲ್ಲ.’ ಇದರಲ್ಲಿ ಆಡುಮಾತು ಇದೆ, ಎರಡು ಮೂರು ಕಾಗುಣಿತದ ತಪ್ಪೂ ಇರಬಹುದು. ಆದರೂ 4 ಕೊಡಿ. ಕಾಗುಣಿತ ತಿದ್ದಲು ಬೇರೆ ಪೀರಿಯಡ್ ಇದ್ದೇ ಇದೆ.